ಶಿಪ್ಪಿಂಗ್ ಕಂಪನಿಯ ಅಪ್ಪ

ಕಂಪ್ಯೂಟರಿನವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಹ್ಯಾನೋವರಿಗೆ ಬಂದ ಎರಡನೇ ಬೇಸಿಗೆಯಲ್ಲಿ ನಮ್ಮ ಆಫೀಸಿನ ಹಿರಿಯ ಹೋರ್ಸ್ಟ್ ನನ್ನನ್ನು ತಮ್ಮ ಹಾಯಿದೋಣಿಯಲ್ಲಿ ಬಾಲ್ಟಿಕ್ ಸಮುದ್ರಕ್ಕೆ ಕರೆದೊಯ್ದರು. ಅಲ್ಲೊಂದು ಕಡೆ ನೀರಡಿಯಲ್ಲಿ ಬಂಡೆಗಳ ಸಾಲಿದೆ. ಆಚೆ ಅಲೆ, ಈಚೆ ಶಾಂತ ನೀರು. ಹೋರ್ಸ್ಟ್ ದೋಣಿಯನ್ನು ಬಂಡೆಗಳ ಸಂದಿಯಿಂದ ಈಚೆಗೆ ನುಗ್ಗಿಸಿ ಲಂಗರು ಬಿಟ್ಟರು. "ಮೂವತ್ತು ಮೀಟರ್ ಜರುಗಿದರೆ ಇದು ಕೂಗುತ್ತದೆ," ಎಂದು ಜಿಪಿಎಸ್ ತೋರಿಸಿ ಬ್ರೆಡ್ಡು ಕೊಯ್ಯಲು ಕೂತರು.

ಹಳೆಯ ಅಭ್ಯಾಸ, ನಾನು ದಡ ನೋಡಿದೆ. ಚರ್ಚಿನ ಗೋಪುರದ ನೇರಕ್ಕೆ ಒಂದು ಪೈನ್ ಮರವಿತ್ತು. ಸ್ವಲ್ಪ ಹೊತ್ತಿನಲ್ಲಿ ಮರ ಎಡಕ್ಕೆ ಸರಿಯಿತು. ದೋಣಿ ಬರೀ ಓಲಾಡಿದ್ದರೆ ಅದು ವಾಪಸ್ ಬರಬೇಕಿತ್ತು. ಬರಲಿಲ್ಲ.

"ಲಂಗರು ಜಾರ್ತಾ ಉಂಟು," ಅಂದೆ.

"ಯಂತ್ರ ಸುಮ್ಮನಿದೆಯಲ್ಲ?"

ನಾನು ಹಿಂದಕ್ಕೆ ಕೈ ತೋರಿಸಿದೆ. ಹತ್ತೇ ಮೀಟರಿನಲ್ಲಿ ಬಂಡೆ ಕಪ್ಪಗೆ ಕಾಣುತ್ತಿತ್ತು; ಯಂತ್ರ ಕೂಗುವ ಮೊದಲೇ ದೋಣಿ ಅದಕ್ಕೆ ತಾಗುತ್ತಿತ್ತು. ಹೋರ್ಸ್ಟ್ ಚಾಕು ಬಿಸಾಡಿ ಎಂಜಿನ್ ಚಾಲೂ ಮಾಡಿದರು.

ಬೇರೆ ಕಡೆ ಲಂಗರು ಹಾಕಿದ ಮೇಲೆ ಅವರು ನನ್ನ ಕಡೆ ತಿರುಗಿದರು. "ಇದನ್ನು ಯಾರು ಕಲಿಸಿದರು?"

"ಅಪ್ಪ. ಮಲ್ಪೆಯಲ್ಲಿ ಗುಡ್ಡ, ತೆಂಗಿನಮರ ನೋಡಿಯೇ ಜಾಗ ಗುರುತಿಡುವುದು."

"ಅವರು ಶಿಪ್ಪಿಂಗ್ ಕಂಪನಿಯಲ್ಲಿ ಅಂದಿದ್ದಿರಿ?"

ಇಡೀ ಆಫೀಸಿಗೆ ಹಾಗೇ ಹೇಳಿದ್ದೆ. "ಇಲ್ಲ, ಮೀನು ಹಿಡಿಯುತ್ತಾರೆ," ಅಂದೆ. ಹೋರ್ಸ್ಟ್ ಬ್ರೆಡ್ಡಿನ ದೊಡ್ಡ ತುಂಡನ್ನು ನನ್ನ ಕಡೆ ಸರಿಸಿದರು.

ಭಾನುವಾರ ಊರಿಗೆ ಫೋನ್ ಮಾಡಿ, ನೀವು ಕಲಿಸಿದ ವಿದ್ಯೆಯೇ ನಮ್ಮನ್ನು ಉಳಿಸಿತು ಎಂದು ಅಪ್ಪನಿಗೆ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು: "ಅಷ್ಟು ಓದಿಸಿದ್ದು ಪುನಃ ದೋಣಿ ಹತ್ತಲಿಕ್ಕಾ ಮಾರಾಯ?"