ಬೋರ್ಡಿನ ಮೇಲಿನ ಅವ್ವ

ಮಕ್ಕಳಿಂದ ಸ್ವಂತ ಮಾತಿನಲ್ಲಿ ಬರೆಸುವುದು ಹೇಗೆ ಎಂದು ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಎಂದು ಬಸ್ಸಿನಲ್ಲಿ ಸುತ್ತಿ ಸುತ್ತಿ ಸೊಂಟ ಹೋಗಿದೆ. ಉಪ್ಪಿಟ್ಟು, ಚಹಾ, ಸಹಿ, ಕೊನೆಗೊಂದು ಗ್ರೂಪ್ ಫೋಟೊ. ಹೋದ ಪುಟ್ಟ, ಬಂದ ಪುಟ್ಟ. ಈ ವರ್ಷ ಮುಗಿಸಿ ನನ್ನ ಶಾಲೆಗೆ ಮರಳುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದೆ. ಆದರೂ ಒಂದಾಸೆ ಇತ್ತು. ನಾನು ಹೇಳಿದ್ದು ಒಂದು ಮಗುವಿನ ತನಕವಾದರೂ ಮುಟ್ಟಿದ್ದನ್ನು ನೋಡಿ ಹೋಗಬೇಕು.

ಜಮಖಂಡಿಯ ತರಬೇತಿಯಲ್ಲಿ ‘ನಮ್ಮ ಅವ್ವ’ ಎಂದು ನಾಲ್ಕು ಸಾಲು ಬರೆಯಲು ಹೇಳಿ, ಮಾದರಿಗೆಂದು ನನ್ನ ಅವ್ವನ ಬಗ್ಗೆ ಬೋರ್ಡಿನ ಮೇಲೆ ಬರೆದೆ. ರೊಟ್ಟಿ ಬಡಿಯುತ್ತ ಅವಳು ಅತ್ತೆಯನ್ನು ಬೈಯುತ್ತಿದ್ದದ್ದೂ ಅದರಲ್ಲಿತ್ತು. ತಿರುಗಿ ನೋಡಿದರೆ ಎಲ್ಲರೂ ಅದನ್ನೇ ದುಂಡಗೆ ಇಳಿಸಿಕೊಂಡಿದ್ದರು. ನಿವೃತ್ತಿಗೆ ಬಂದ ಮಾಸ್ತರರೊಬ್ಬರ ಅವ್ವನೂ ಅತ್ತೆಯನ್ನು ಬೈದಿದ್ದಳು. ನಗಬೇಕಿತ್ತು, ನಗು ಬರಲಿಲ್ಲ. ಬೋರ್ಡು ನೋಡಿ ಬರೆಯುವುದೇ ಬರವಣಿಗೆ ಎಂದು ಕಲಿತು ಬಂದವರಲ್ಲವೇ ನಾವೆಲ್ಲ.

ಒಬ್ಬ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ಮಾತ್ರ ಬರೆಯದೆ ಕುಳಿತಿದ್ದರು. ಬನಹಟ್ಟಿಯ ನೇಕಾರರ ಮನೆಯವರು, ಗಲಗಲಿ ಕಡೆಯ ಶಾಲೆಯೊಂದರಲ್ಲಿ ಕೆಲಸ.

“ಸರ್, ನಮ್ಮವ್ವ ರೊಟ್ಟಿ ಬಡದದ್ದು ನನಗ ನೆನಪಿಲ್ರಿ. ಯಾವಾಗಲೂ ಮಗ್ಗದ ಬಾಜೂ ಕುಂತು ಕಂಡಿಕಿ ಸುತ್ತಾಕಿ. ಅದನ್ನ ಬರದರ ನಡೀತದೇನ್ರಿ?”

“ಅದನ್ನ ಬರೀರಿ,” ಎಂದೆ.

ಲಾಳಿಯೊಳಗಿನ ಪುಟ್ಟ ಕೊಳವೆ ಕಂಡಿಕೆ; ಅದಕ್ಕೆ ನೂಲು ಸುತ್ತುತ್ತಲೇ ಅವ್ವ ಇವರಿಂದ ಮಗ್ಗಿ ಹೇಳಿಸುತ್ತಿದ್ದಳಂತೆ. ಬರೆದದ್ದನ್ನು ಎದ್ದು ನಿಂತು ಓದಿದರು. ಅವ್ವ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅಂದು ಬಸ್ಸಿನಲ್ಲಿ ನನಗೆ ಸೊಂಟದ ನೋವು ನೆನಪಾಗಲಿಲ್ಲ.

ಮುಂದಿನ ತಿಂಗಳು ಅವರ ಪಾಠ ನೋಡಲೆಂದು ಅವರ ಶಾಲೆಗೆ ಹೋದೆ. ಬೋರ್ಡಿನ ತುಂಬ ಅವರ ಅವ್ವನ ಸಾಲುಗಳು.

“ನೋಡ್ರಿ ಸರ್, ಎಲ್ಲಾ ಹುಡುಗರೂ ಬರದಾರ. ಒಂದೂ ತಪ್ಪಿಲ್ಲ,” ಎಂದು ಅಕ್ಕೋರು ಹಿಗ್ಗಿದರು.

ಎಲ್ಲ ಮಕ್ಕಳ ಅವ್ವಂದಿರೂ ಕಂಡಿಕೆ ಸುತ್ತುತ್ತಿದ್ದರು. ಹೊಳೆದಂಡೆಯ ಆ ಊರಿನಲ್ಲಿ ಒಂದು ಮಗ್ಗವೂ ಇಲ್ಲ.

ಮುಂದೆ ಕುಳಿತ ಹುಡುಗಿಯನ್ನು ಕೇಳಿದೆ: “ಕಂಡಿಕಿ ಅಂದ್ರ ಏನವ್ವಾ?”

“ಗೊತ್ತಿಲ್ರಿ.”

“ಖರೇನ ನಿಮ್ಮವ್ವ ಏನ್ ಮಾಡ್ತಾಳ?”

“ಎಮ್ಮಿ ಮೈ ತೊಳ್ಯಾಕ ಹೊಳಿಗೆ ಹೋಗ್ತಾಳ್ರಿ. ನನ್ನೂ ಎಮ್ಮಿ ಮ್ಯಾಲ ಕುಂದರಸ್ತಾಳ.”

“ಮತ್ತ ಅದನ್ಯಾಕ ಬರೀಲಿಲ್ಲ?”

“ಅಕ್ಕೋರು ಬೋರ್ಡಿನ ಮ್ಯಾಲ ಬರದಿಲ್ರಿ.”

ನನಗೆ ನಿಲ್ಲಲೂ ಬೇಸರವಾಯಿತು. ಯಾರನ್ನು ಬೈಯುವುದು? ಹಿಂದೆ ಹೋಗಿ ಕುಳಿತೆ. ಅಕ್ಕೋರ ಮುಖ ಸಣ್ಣದಾಗಿತ್ತು. ಆಮೇಲೆ ಡಸ್ಟರ್ ತೆಗೆದುಕೊಂಡು ತಮ್ಮ ಅವ್ವನನ್ನು ತಾವೇ ಒರೆಸಿದರು.

“ಈಗ ಬರೀರಿ,” ಎಂದರು.

ಯಾರೂ ಪೆನ್ಸಿಲ್ ಎತ್ತಲಿಲ್ಲ. ಖಾಲಿ ಬೋರ್ಡು ನೋಡುತ್ತ ಕುಳಿತರು. ಹೊರಗೆ ಜಮಖಂಡಿ ಬಸ್ಸಿನ ಹಾರ್ನ್ ಕೇಳಿಸಿತು. ಹೋದರೆ ಹೋಗಲಿ ಎಂದುಕೊಂಡೆ.

ಬಸ್ಸು ಹೋದ ಮೇಲೆ ಆ ಹುಡುಗಿ ಎದ್ದು ನಿಂತು ಅಕ್ಕೋರನ್ನು ಕೇಳಿದಳು: “ಎಮ್ಮಿದು ಬರದರ ನಡೀತದೇನ್ರಿ?”

ಅಕ್ಕೋರು ಹೂಂ ಎಂದು ತಲೆಯಾಡಿಸಿದರು.