ತಿಪ್ಪೆಯ ಮೇಲಿನ ಸೌತೆಬಳ್ಳಿ

ದಾಸನಕೊಪ್ಪದ ಆ ಮನೆಗೆ ಎರಡನೆಯ ಹೆಂಡತಿಯಾಗಿ ಹೋದಾಗ ನನಗೆ ಹತ್ತೊಂಬತ್ತು. ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ಮೊದಲಿನವಳು ಜ್ವರ ಬಂದು ತೀರಿಕೊಂಡಳು ಎಂದು ಸಂಬಂಧ ತಂದವರು ಅಪ್ಪನಿಗೆ ಹೇಳಿದ್ದರು. ಮಕ್ಕಳಿಲ್ಲ, ಮನೆಯಲ್ಲಿ ಅತ್ತೆಯೊಬ್ಬಳೇ, ಉಣ್ಣಲಿಕ್ಕೆ ಕೊರತೆಯಿಲ್ಲ ಎಂದೂ ಹೇಳಿದ್ದರು. ಎಲ್ಲ ನಿಜವಾಗಿತ್ತು, ಜ್ವರದ ಮಾತೊಂದನ್ನು ಬಿಟ್ಟು.

ನಾನು ಆ ಮನೆಗೆ ಹೋದ ವರ್ಷವೇ ಚೈತ್ರದ ಬಿಸಿಲು ಜೋರಾಗಿತ್ತು. ಹಿತ್ತಲಿನ ಹುಲ್ಲೆಲ್ಲ ಸುಟ್ಟು ಬೂದಿಬಣ್ಣಕ್ಕೆ ತಿರುಗಿತ್ತು. ಆದರೆ ಗೊಬ್ಬರದ ತಿಪ್ಪೆಯ ಹಳೇ ಅಂಚಿನಲ್ಲಿ ಒಂದು ಸೌತೆಬಳ್ಳಿ ಮಾತ್ರ ಹಸಿರಾಗಿ ಹಬ್ಬಿತ್ತು. ಅಂಗೈಯಗಲದ ಎಲೆ, ಹಳದಿ ಹೂವು, ಕೆಳಗೆ ನಾಲ್ಕೈದು ಎಳೆಗಾಯಿ. ಯಾರೂ ನೀರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಹೊಸ ಸೊಸೆಯ ಉತ್ಸಾಹ ನೋಡಿ. ಒಂದು ಕಾಯಿ ಕೊಯ್ದು ಪಚಡಿ ಮಾಡಿದೆ.

ಗಂಡ ಹೊಲದಿಂದ ಬಂದು ಉಣ್ಣಲು ಕೂತರು. ಒಂದು ತುತ್ತು ಬಾಯಿಗಿಟ್ಟು, "ಎಲ್ಲಿ ಕಾಯಿ ಇದು?" ಅಂದರು.

"ತಿಪ್ಪಿ ಮ್ಯಾಲಿನ ಬಳ್ಳೀದು."

ಅಗಿಯುವುದು ನಿಂತಿತು. ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟರು. ಅತ್ತೆ ಬೈಯಲಿಲ್ಲ. ಪಚಡಿಯ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬಾಗಿಲ ಸಂದಿಯಿಂದ ನೋಡಿದೆ. ಬಳ್ಳಿಯ ಬುಡದಲ್ಲಿ ಮಣ್ಣು ಕೆದರಿ, ಅಷ್ಟೂ ಪಚಡಿಯನ್ನು ಅಲ್ಲಿಟ್ಟು ಮುಚ್ಚುತ್ತಿದ್ದಳು.

ಮರುದಿನ ಬಾವಿಕಟ್ಟೆಯಲ್ಲಿ ಪಕ್ಕದ ಮನೆಯಾಕೆ ಹೇಳಿದಳು. "ಜ್ವರ ಎಲ್ಲೀದವ್ವಾ? ಆಕಿಗೆ ಹುಳ ಮುಟ್ಟಿತ್ತು, ಹಾವು. ಸೌತಿ ಪಾತಿಗೆ ಅಂತ ಹಳೇ ಗೊಬ್ಬರ ಎಳೀಲಿಕ್ಕೆ ತಿಪ್ಪ್ಯಾಗ ಕೈ ಹಾಕಿದ್ಲು. ಸೆರಗಿನ ಗಂಟಿನ್ಯಾಗ ಬೀಜ ಕಟ್ಟಿಕೊಂಡಿದ್ಲು. ಬಿದ್ದಾಗ ಗಂಟು ಬಿಚ್ಚಿ ಚೆಲ್ಲಿದ ಬೀಜನೇ ಆ ಬಳ್ಳಿ. ಎರಡು ವರ್ಷಾತು, ಅಲ್ಲೇ ಹಣ್ಣಾಗಿ, ಅಲ್ಲೇ ಉದುರಿ, ಅಲ್ಲೇ ಹುಟ್ಟತೈತಿ. ಆ ಮನ್ಯಾಗ ಯಾರೂ ಮುಟ್ಟಂಗಿಲ್ಲ."

ನನ್ನ ನಾಲಿಗೆಯ ಮೇಲೆ ಆ ಎಳೆಗಾಯಿಯ ರುಚಿ ಇನ್ನೂ ಇತ್ತು. ಕೊಯ್ಯುವಾಗಲೇ ಒಂದು ಹೋಳು ತಿಂದಿದ್ದೆ.

ಅಂದಿನಿಂದ ಸಗಣಿ ಬುಟ್ಟಿಯನ್ನು ದೂರದಿಂದಲೇ ತಿಪ್ಪೆಗೆ ಸುರುವಿ ಓಡಿಬರುತ್ತಿದ್ದೆ. ಬೇಸಿಗೆಯ ಮಟಮಟ ಮಧ್ಯಾಹ್ನ ಊರೆಲ್ಲ ಮಲಗಿದಾಗ ಹಿತ್ತಲ ಕಡೆಯಿಂದ ಯಾರೋ ಮೆಲ್ಲಗೆ ಮಾತಾಡುವುದು ಕೇಳಿಸುತ್ತಿತ್ತು. ಕಿವಿ ಮುಚ್ಚಿಕೊಂಡು ಮಲಗುತ್ತಿದ್ದೆ. ಹಲವು ದಿನ ಹೀಗೇ ಆಯಿತು. ಒಂದು ದಿನ ತಡೆಯಲಾರದೆ ಎದ್ದು ಹೋದೆ.

ಅತ್ತೆ ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲೊಂದು ಗಡಿಗೆ. ಗಿಂಡಿಯಿಂದ ಸಗಣಿಯ ತಿಳಿನೀರು ಬುಡದ ಸುತ್ತ ಎರೆಯುತ್ತ, "ಕುಡಿಯವ್ವಾ... ಇನ್ನೂ ಇಷ್ಟ ಐತಿ, ಕುಡಿ" ಎನ್ನುತ್ತಿದ್ದಳು. ಕೂಸಿಗೆ ಉಣಿಸುವ ದನಿ ಅದು.

ನನ್ನನ್ನು ನೋಡಿ ಬೆಚ್ಚಲಿಲ್ಲ. "ಬಾ ಇಲ್ಲಿ" ಅಂದಳು. ನಾನು ಕಾಲು ಕಿತ್ತಿಡಲಾರದೆ ನಿಂತೆ.

"ಆವತ್ತು ಆಕಿ ಅಂದಿದ್ಲು, ಅತ್ತೀ, ಒಳಗೇನೋ ಸರಿದಾಂಗಾತು ಅಂತ. ನಾನು ಇಲಿ ಇರಬೇಕು, ಕೈ ಹಾಕು ಅಂದೆ." ಅತ್ತೆ ಗಿಂಡಿಯನ್ನು ನೆಲಕ್ಕಿಟ್ಟಳು. "ನನ್ನ ಸೌತಿ ಪಾತಿ ತಡ ಆಗ್ತೈತಿ ಅಂತ ಗಡಿಬಿಡಿ ನನಗ. ನನ್ನ ಮಗಗ ಇದು ಗೊತ್ತಿಲ್ಲ. ಹೇಳಬ್ಯಾಡ."

ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಗಂಡನ ಎದುರು ಕೂತು ಬಡಿಸುವಾಗಲೆಲ್ಲ ಆ ಗುಟ್ಟು ನೆನಪಾಗಿ ತಟ್ಟೆಯನ್ನಷ್ಟೇ ನೋಡುತ್ತಿದ್ದೆ.

ಆಮೇಲೆ ಅತ್ತೆ ನನಗೆ ಬಳ್ಳಿಗೆ ಉಣಿಸುವುದನ್ನು ಕಲಿಸಿದಳು. ಒಂದು ಬೊಗಸೆ ಸಗಣಿಯನ್ನು ಗಡಿಗೆ ನೀರಲ್ಲಿ ಮೂರು ದಿನ ನೆನೆಹಾಕಿ, ಕೋಲಿನಿಂದ ಕದಡಿ, ಹಳೇ ಬಟ್ಟೆಯಲ್ಲಿ ಸೋಸಬೇಕು. ಬಣ್ಣ ತೆಳುಚಹಾದಷ್ಟು ಬರುವ ತನಕ ನೀರು ಬೆರೆಸಬೇಕು. ಒಲೆಯ ಬೂದಿಯನ್ನು ಜರಡಿ ಹಿಡಿದು ಸುತ್ತಲೂ ತೂರಬೇಕು. "ಬುಡಕ್ಕ ತಾಗಸಬ್ಯಾಡ, ಸುಟ್ಟೀತು. ಗೇಣು ದೂರ." ಅಕ್ಕಿ ತೊಳೆದ ನೀರು ದಿನವೂ. ಎಲೆಗೆ ಬಿಳಿ ಹಿಟ್ಟು ಹಿಡಿದರೆ ಹುಳಿಮಜ್ಜಿಗೆ ತೆಳ್ಳಗೆ ಮಾಡಿ ಚಿಮುಕಿಸಬೇಕು. ಹೂ ಬಿಡುವ ಹೊತ್ತಿಗೆ ಹೊಂಗೆ ಹಿಂಡಿ ನೆನೆಸಿದ ನೀರು. ಇಷ್ಟೆಲ್ಲ ಉಂಡು ಬಿಟ್ಟ ಕಾಯಿಗಳು ಬಳ್ಳಿಯಲ್ಲೇ ಹಳದಿಯಾಗಿ, ಒಡೆದು, ಕೊಳೆಯುತ್ತಿದ್ದವು. ಆ ವಾಸನೆ ಹಿತ್ತಲ ತುಂಬ.

ಮುಂದಿನ ಬೇಸಿಗೆಗೆ ನಾನು ಐದು ತಿಂಗಳ ಬಸುರಿ. ಅತ್ತೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಪಡಸಾಲೆಯಲ್ಲಿ ಮಲಗಿದ್ದಳು. ಪ್ರತಿ ಮಧ್ಯಾಹ್ನ ಒಂದೇ ಪ್ರಶ್ನೆ: "ಹಾಕಿದೇನು?"

"ಹಾಕಿದೆರಿ."

ಮೊದಮೊದಲು ನಿಜವಾಗಿಯೂ ಹಾಕುತ್ತಿದ್ದೆ. ಒಂದು ದಿನ ಗಡಿಗೆ ಬಗ್ಗಿಸಿದಾಗ ಬಳ್ಳಿಯ ಕೆಳಗಿನ ತರಗು ಸರಕ್ಕೆಂದಿತು. ಓತಿಕ್ಯಾತವೋ ಇಲಿಯೋ, ತಿರುಗಿ ನೋಡಲಿಲ್ಲ. ಗಡಿಗೆ ಅಲ್ಲೇ ಒಡೆಯಿತು. ಹೊಟ್ಟೆ ಹಿಡಿದುಕೊಂಡು ಒಳಗೆ ಓಡಿದೆ. ಬಸುರಿಯಾದ ನನ್ನನ್ನು ಆ ಸತ್ತವಳು ಕರೆಯುತ್ತಿದ್ದಾಳೆ ಎನ್ನಿಸಿಬಿಟ್ಟಿತು. ಆಮೇಲೆ ಆ ಕಡೆ ಹೋಗಲಿಲ್ಲ. ಸಗಣಿನೀರನ್ನು ಬಚ್ಚಲ ಬಾಳೆಬುಡಕ್ಕೆ ಸುರಿದು ಬಂದು "ಹಾಕಿದೆರಿ" ಎನ್ನುತ್ತಿದ್ದೆ. ಅತ್ತೆ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚುತ್ತಿದ್ದಳು. ಹೀಗೆ ಹದಿನೈದು ದಿನ.

ಒಂದು ದಿನ ಊಟಕ್ಕೆ ಬಂದ ಮಗನನ್ನು ಅತ್ತೆ ಕೇಳಿದಳು. "ನನ್ನ ಒಂದು ಸಲ ಹಿತ್ತಲಕ್ಕ ಎತ್ತಿಕೊಂಡು ಹೋಗಪಾ. ಬಳ್ಳಿ ನೋಡಬೇಕು."

ಅವರು ತಾಯಿಯನ್ನು ಮಗುವಿನಂತೆ ಎತ್ತಿಕೊಂಡರು. ಹಿಂದೆಯೇ ಹೋದೆ.

ತಿಪ್ಪೆಯ ಮೇಲೆ ಒಣಗಿದ ಹುರಿಯಂತೆ ಬಳ್ಳಿ ಬಿದ್ದಿತ್ತು. ಎಲೆ ಮುಟ್ಟಿದರೆ ಪುಡಿ. ಅತ್ತೆ ಮಗನ ತೋಳಿನಿಂದಲೇ ಅದರ ಕಡೆ ಕೈ ಚಾಚಿದಳು. "ಮತ್ತ ಕೊಂದೆ" ಅಂದಳು. "ಮೊದಲೂ ನಾನ ಕೊಂದಿದ್ದು. ಸರದಾಡಿದಾಂಗಾತು ಅಂದ್ಲಪಾ ಆಕಿ. ಕೈ ಹಾಕು ಅಂತ ನಾನ ಹೇಳಿದೆ."

ಗಂಡ ತಾಯಿಯ ಮುಖ ನೋಡದೆ ಅಂದರು: "ನನಗ ಗೊತ್ತಿತ್ತವ್ವಾ. ಶಿರಸಿ ದವಾಖಾನಿಗೆ ಒಯ್ಯೂ ಮುಂದ ಗಾಡ್ಯಾಗ ಆಕಿನ ಹೇಳಿದ್ಲು. ಅತ್ತಿಯವ್ರಿಗೆ ಏನೂ ಅನಬ್ಯಾಡ್ರಿ, ಅವ್ರು ಹುಳ ನೋಡಿರಲಿಲ್ಲ ಅಂದ್ಲು. ಅಷ್ಟರಾಗ ಬಾಯಿ ಕಟ್ಟಿತು."

ಅತ್ತೆಯ ಬಾಯಿಂದ ಹೊರಟ ಸದ್ದು ಅಳುವಾಗಿರಲಿಲ್ಲ. ಅಂಥದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

"ಅತ್ತೀ, ನಾನ ನೀರು ಹಾಕಲಿಲ್ಲ. ಸುಳ್ಳು ಹೇಳಿದೆ" ಎಂದೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ. ಆ ಬಿಸಿಲಿನಲ್ಲಿ ಅವರಿಬ್ಬರು, ಆ ಸತ್ತವಳು, ಮೂವರೇ ಇದ್ದಂತಿತ್ತು. ಅವಳು ಶಾಪ ಹಾಕಿ ಸತ್ತಿದ್ದರೆ ಹೆದರಿಕೊಂಡಾದರೂ ಇರಬಹುದಿತ್ತು. ಅವಳು ಕ್ಷಮಿಸಿ ಹೋಗಿದ್ದಳು. ಅದನ್ನು ಹೇಗೆ ಹೊರುವುದು ಎಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಮರುದಿನದಿಂದ ಅತ್ತೆ ಮಧ್ಯಾಹ್ನ ಏನನ್ನೂ ಕೇಳಲಿಲ್ಲ. ಕೇಳುವ ಹೊತ್ತಿಗೆ ಸರಿಯಾಗಿ ನನಗೆ ಎಚ್ಚರವಾಗುತ್ತಿತ್ತು; ಎದ್ದು ಕೂತು ಪಡಸಾಲೆಯ ಕಡೆ ಕಿವಿಯಿಡುತ್ತಿದ್ದೆ.

ಮಳೆಗಾಲದಲ್ಲಿ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಅತ್ತೆ ನನ್ನನ್ನು ಹತ್ತಿರ ಕರೆದು, "ಆಕೀ ಹೆಸರು ಇಡೂಣೇನು? ನಿನಗ ಬ್ಯಾಡಾದ್ರ ಬ್ಯಾಡ" ಎಂದಳು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಗಂಡ ಆ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳುವುದಕ್ಕೆ ಬಗ್ಗಿದವರು, ಎಷ್ಟೋ ಹೊತ್ತು ಬಗ್ಗಿಯೇ ಇದ್ದರು.

ಅತ್ತೆ ಆ ಚಳಿಗಾಲ ದಾಟಲಿಲ್ಲ. ನಾನು ಮಾತ್ರ ನನ್ನ ಸವತಿಯ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗುತ್ತ ಮಗಳನ್ನು ಬೆಳೆಸಿದೆ. ಎಣ್ಣೆ ಹಚ್ಚುವಾಗ, ಬೈಯುವಾಗ, ಉಣ್ಣಲು ಕರೆಯುವಾಗ. ಕೆಲವೊಮ್ಮೆ ಮಗಳು ಓ ಅನ್ನುವುದು ತಡವಾಗುತ್ತಿತ್ತು. ಆಗ ಬಾಗಿಲಲ್ಲಿ ಉಸಿರು ಹಿಡಿದು ನಿಲ್ಲುತ್ತಿದ್ದೆ, ಯಾವ ಕಡೆಯಿಂದ ಉತ್ತರ ಬಂದೀತೋ ಎಂದು.