ಬೇಡ ಎನ್ನುತ್ತಿದ್ದ ಮೇಡಂ

ಮೊನ್ನೆ ಕಂಪ್ಲಿಯ ಅಕ್ಕಿ ಗಿರಣಿಯೊಂದಕ್ಕೆ ಕಂಪ್ಯೂಟರ್ ರಿಪೇರಿಗೆಂದು ಹೋದವನು ಮೂಲೆಯಲ್ಲಿದ್ದ ಹಳೇ ಪ್ರಿಂಟರ್ ಬಿಚ್ಚಿದೆ. ರಿಬ್ಬನ್ನಿನ ಮಸಿ ವಾಸನೆ ಮೂಗಿಗೆ ಬಡಿಯಿತು ನೋಡಿ... ಕೆಲಸ ಬಿಟ್ಟು ಹಾಗೇ ಕೂತೆ. ಮೇಡಂ ನೆನಪಾದರು.

ಗಣಿ ಜೋರಾಗಿದ್ದ ಕಾಲ ಅದು. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಹೊಸಪೇಟೆಗೆ ಸಾಲುಗಟ್ಟಿ ಬರುತ್ತಿದ್ದವು. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಮೇಡಂ ಒಂದು ಪುಟ್ಟ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು, ನಾನು ಅಲ್ಲಿ ಕೆಲಸಕ್ಕಿದ್ದೆ. ಲಾರಿ ತೂಗುವ ಕಾಟಾಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನಮ್ಮ ಕಸುಬು. ಲಾರಿ ನಂಬರ್ ಒತ್ತಿದರೆ ತೂಕ ಬರಬೇಕು, ಅಂಥದೇ ಪ್ರಿಂಟರಿನಿಂದ ಚೀಟಿ ಬರಬೇಕು, ಮುಗೀತು. ಅದಕ್ಕಿಂತ ಹೆಚ್ಚಿಗೆ ಏನೊಂದನ್ನೂ ಸೇರಿಸಲು ಆ ಪುಣ್ಯಾತ್ಗಿತ್ತಿ ಬಿಡುತ್ತಿರಲಿಲ್ಲ. ಹೊಸದೇನಾದರೂ ಬೇಕೆಂದವರು ಮೊದಲು ಕಾಟಾದ ಕುರ್ಚಿಯಲ್ಲಿ ತಾವೇ ಕೂತು ಆ ಕೆಲಸ ಮಾಡಿ ತೋರಿಸಬೇಕು ಎಂಬುದು ಅವರ ಕಟ್ಟಳೆ.

ಒಮ್ಮೆ ನಮ್ಮ ದೊಡ್ಡ ಗಿರಾಕಿ, ನಾಲ್ಕೈದು ಕಾಟಾಗಳ ಸಾಹುಕಾರರು ಬಂದರು. ಡ್ರೈವರನ ಫೋಟೊ, ಅವನ ಊರು, ಬಣ್ಣಬಣ್ಣದ ಚಿತ್ರ ಎಲ್ಲ ಬೇಕಂತೆ. ಆಗದಿದ್ದರೆ ಕೆಲಸ ಬೇರೆಯವರಿಗೆ. ಅವರು ಬಿಟ್ಟರೆ ನಮ್ಮ ಸೆಂಟರಿಗೆ ಬೀಗವೇ ಗತಿ. ಸಾಹುಕಾರರು ಹೇಳಿದ್ದನ್ನೆಲ್ಲ ಮೇಡಂ ನನ್ನ ಕೈಲಿ ಸೇರಿಸಿ, ಅವರನ್ನು ಕಾಟಾಕ್ಕೇ ಕರೆದೊಯ್ದರು.

"ಬರ್ರಿ ಸಾಹುಕಾರ್ರ, ನೀವ ಕುಂದ್ರಿ."

ಸಾಹುಕಾರರು ನಗುತ್ತಲೇ ಕೂತರು. ಮೊದಲ ಲಾರಿಯವನ ಫೋಟೊ ತೆಗೆದು ಊರ ಹೆಸರು ಹುಡುಕುವಷ್ಟರಲ್ಲಿ ಹಿಂದೆ ಹಾರನ್ನಿನ ಮೇಲೆ ಹಾರನ್ನು. ಒಬ್ಬ ಡ್ರೈವರ್ ಕಿಟಕಿಯಲ್ಲಿ ತಲೆ ತೂರಿಸಿ, "ಏನ್ಲೇ, ನಿದ್ದಿ ಹೊಡ್ಯಾಕತ್ತೀಯೇನು? ಜಲ್ದಿ ಮಾಡು!" ಎಂದು ಗದರಿಬಿಟ್ಟ. ಅಯ್ಯೋ, ಸಾಹುಕಾರರ ಮುಖ ನೋಡಬೇಕಿತ್ತು! ಬೆವರು ಒರೆಸಿಕೊಂಡು ಎದ್ದರು.

"ನಿಮ್ಮ ಮಾತು ಖರೇನ ಐತ್ರಿ ಮೇಡಂ. ಆದ್ರ ಪಾರ್ಟ್ನರಿಗೆ ತೋರ್ಸಾಕ ಏನರ ಬೇಕಲ್ರಿ!"

ಮೇಡಂ ಬೇಡವೆಂದರು, ಸೇರಿಸಿದ್ದನ್ನೆಲ್ಲ ನಾನು ಗೊಣಗುತ್ತ ಅಳಿಸಿದೆ. ಮರುವಾರವೇ ಕೆಲಸ ಬೇರೆಯವರ ಪಾಲಾಯಿತು. ನನಗೆ ಮೈಯೆಲ್ಲ ಉರಿ. "ಒಂದ್ಸಲ ಹೂಂ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ?" ಎಂದು ಕೇಳಿಯೇಬಿಟ್ಟೆ.

"ಹೂಂ ಅನ್ನಾಕಿ ನಾನು, ದಿನಾ ಬೈಸ್ಕೊಳ್ಳಾಂವ ಕಾಟಾದಾಗ ಕುಂತಾಂವ. ಬ್ಯಾಡಪ್ಪಾ," ಎಂದ ಮೇಡಂ ಚಹಾ ತರಿಸಿದರು.

ಸೆಂಟರ್ ಹೆಚ್ಚು ದಿನ ಉಳಿಯಲಿಲ್ಲ. ಮೇಡಂ ಮೆಟ್ರಿ ಎಂಬ ಹಳ್ಳಿಯಲ್ಲಿದ್ದ ತಮ್ಮನ ಮನೆ ಸೇರಿದರು. ಆಗಾಗ ಫೋನಿನಲ್ಲಿ ಮಾತು, ಆಮೇಲೆ ಅವರಿಗೆ ಕಾಯಿಲೆ... ಕೊನೆಯ ಸಲ ಮಾತಾಡಿದಾಗ ದನಿ ಬಹಳ ಸೋತಿತ್ತು.

"ನಾ ಹೋದಮ್ಯಾಲ ನನ್ನ ನಂಬರ್ ತಗದ್‌ಬಿಡು. ಕೆಲ್ಸಕ್ಕ ಬಾರದ್ದು ಇಟ್ಕೋಬ್ಯಾಡ," ಎಂದು ನಕ್ಕರು.

ಅವರು ಹೋಗಿ ವರ್ಷದ ಮೇಲಾಯಿತು. ಅವರು ಬೇಡವೆಂದದ್ದನ್ನೆಲ್ಲ ಗೊಣಗುತ್ತಲಾದರೂ ಅಳಿಸುತ್ತಿದ್ದವನು ನಾನು. ಆ ನಂಬರಿನ ಮೇಲೆ ಬೆರಳಿಡುತ್ತೇನೆ, ಅಳಿಸಲು ಆಗುವುದಿಲ್ಲ. ಇದು ನನಗೆ ಬೇಕು, ಮೇಡಂ.